ಆಖರಿ ನಂಬರಿಗೆ ಮೊದಲ ಚೀಟಿ

ಈ ಸಲ ಕಮಿಟಿಯವರು ಹೊಸ ಕಾನೂನ ಮಾಡ್ಯಾರ:
ಹೋದ ವರ್ಷ ಯಾರು ಆಖರಿಗೆ ನಿಂತಾರೋ
ಅವರೇ ಮೊದಲು ಆರಿಸ್ಕೋಬೇಕು ಹುಡುಗರನ್ನ.
ಆಖರಿಗೆ ನಿಂತವರು ನಾವೇ.
ಎಂಟು ಆಟ, ಎಂಟೂ ಸೋಲು. ಹೊಡದದ್ದು ಎರಡು ಗೋಲು,
ಅದರಾಗ ಒಂದು ನಮ್ಮ ಕಂಬಕ್ಕೇ.

ಸುದ್ದಿ ಬಂದ ದಿನ ಶಹಾಬಾದದಾಗ
ನನ್ನ ಹೊಲಿಗಿ ಅಂಗಡಿ ಕಟ್ಟಿ ಮ್ಯಾಗ
ಗೆದ್ದವರಗತೆ ಚಹಾ ಹಂಚಿದ್ರು.

ಭೀಮಶಾ ಅಂದ, ಬೀಡಿ ಕಿವಿಗೆ ಸಿಗಿಸಿ:
'ನಮ್ಮ ಕಡಿಗೆ ಹಿಂದುಳಿದದ್ದು ಅಂತ
ಅಜ್ಜನ ಕಾಲದಿಂದ ಬರಕೋತ ಬಂದಾರ.
ಒಬ್ಬರರೆ, ಒಂದಿನರೆ,
ಬಾ, ಮೊದಲು ನೀ ಆರಿಸ್ಕೋ ಅಂದಾರೇನು?
ಚೆಂಡಿನಾಟಕ್ಕ ಬಂದ ಬುದ್ಧಿ...'
ಉಳಿದದ್ದು ಹೇಳಲಿಲ್ಲ. ಚಹಾ ಆರ್ಲತ್ತಿತ್ತು.

ಆಮ್ಯಾಲ ಶುರುವಾತು.
ನಾಳಿ ಹತ್ತಕ್ಕ ಚೀಟಿ ಕೊಡಬೇಕು. ಯಾರ ಹೆಸರು?

ಲಾಡ್ಲೇಸಾಬನದು ಒಂದೇ ಹಟ: ಗೋಲಿ.
'ಮನಿಗೆ ಮೊದಲು ಬಾಗಿಲ ಹಚ್ಚಬೇಕಲೇ,
ಆಮ್ಯಾಲ ಗ್ವಾಡಿಗೆ ಸುಣ್ಣ.
ವಾಡಿ ರೈಲ್ವೆ ಕ್ವಾರ್ಟರ್ಸಿನ ಆರೋಗ್ಯಂ, ಆರಡಿ ಎರಡಿಂಚು,
ಕೈ ಚಾಚಿದ್ರ ಗೂಡ್ಸ್ ಗಾಡಿ ನಿಂದರ್ತದ.'

'ಬಾಗಿಲ ಹಚ್ಚಿದಿ, ಖರೇ.
ಒಳಗ ಉಣಲಿಕ್ಕೆ ಏನದ?' ಅಂಬಾರಾಯ ಮಾಸ್ತರ ಕೇಳಿದ.
'ನಡು ಮೈದಾನದಾಗ ಆಟ ಕಟ್ಟಾವ ಬೇಕು.
ಘಾಳೆಪ್ಪ. ಪಾಲಿಶ್ ಮಷಿನಿನ ಘಾಳೆಪ್ಪ. ಎಡಗಾಲು.
ತಲಿ ಎತ್ತಾಂಗಿಲ್ಲ, ಆದ್ರೂ
ಯಾರು ಎಲ್ಲಿ ಓಡ್ಲತ್ತಾರ ಗೊತ್ತು ಅವಗ,
ಕತ್ತಲ ಮನ್ಯಾಗ ಅವ್ವಗ ಉಪ್ಪಿನ ಡಬ್ಬಿ ಗೊತ್ತಿದ್ದಾಂಗ.'

'ಇಪ್ಪತ್ತು ನಿಮಿಷಕ್ಕ ಉಸಿರು ಹತ್ತತದ,
ಎದ್ಯಾಗ ಕಲ್ಲಪುಡಿ.'
'ಇಪ್ಪತ್ತು ಸಾಕು. ನಿನ್ನ ಬಾಗಿಲ ತೊಂಬತ್ತು ನಿಮಿಷ
ನಿಂತೇ ಇರ್ತದ.'

ನೋಟ್‌ಬುಕ್ಕಿನ ಹುಡುಗ ಮುಜಮ್ಮಿಲ್, ಮೆಲ್ಲಗ:
'ಆ ಚೀಟಿ ಚಿತ್ತಾಪುರದವರಿಗೆ ಕೊಟ್ಟು
ಎರಡನೇದು, ಒಂಬತ್ತನೇದು ಇಸ್ಕೊಂಡ್ರ?'
'ಬಂಗಾರ ಒತ್ತಿ ಇಟ್ಟು ತಗಡು ತರ್ತೀಯೇನಲೇ!'
'ಮುಂದಿನ ವರ್ಷನೂ ಸೋತ್ರ ಮತ್ತ ಮೊದಲ ಚೀಟಿ ನಮ್ಮದೇ ಅಲ್ಲ?'
ಯಾರೂ ನಗಲಿಲ್ಲ.
ಅದೇನು ಕಷ್ಟದ ಕೆಲಸಲ್ಲಂತ ಎಲ್ಲಾರಿಗೂ ಗೊತ್ತು.

ನಾ ಸುಮ್ಮ ಪೆಡಲ್ ತುಳೀಲತ್ತಿದ್ದೆ.
ಜರ್ಸಿಗೆ ನಂಬರ್ ಹಚ್ಚಾವ ನಾ.
ನನ್ನ ಕೇಳಾವರು ಯಾರು.

ಸಂಜಿಮುಂದ ಬುಲೆಟ್ ಬಂದು ನಿಂತಿತು.
ಗುರುಲಿಂಗಪ್ಪ ಸಾವುಕಾರ.
ಫರ್ಸಿ ಖಣಿ ಅವಂದು, ಚೆಂಡು ಅವಂದು, ಜರ್ಸಿ ಬಟ್ಟಿ ಅವಂದು,
ಆಟದ ದಿನದ ಪುರಿ-ಭಾಜಿನೂ.
ಕಟ್ಟಿ ಮ್ಯಾಗಿನ ಮಂದಿ ಒಮ್ಮೆಗೇ ಎದ್ರು,
ಮಾಸ್ತರ ಅರ್ಧ ಎದ್ದ.

'ಗೋಲಿ ಬರೀರಿ' ಅಂದ.
ಲಾಡ್ಲೇಸಾಬನ ಮಾರಿ ಅರಳಲಿಲ್ಲ, ಗೆದ್ದವ ತಾನೇ ಆದ್ರೂ.

'ಸಾವುಕಾರ್ರೇ, ಘಾಳೆಪ್ಪ...'
'ಘಾಳೆಪ್ಪ ಮೈದಾನಕ್ಕ ಹೋದ್ರ
ನನ್ನ ಮಷಿನ್ ನೀ ನಡಸ್ತೀಯೇನು ಮಾಸ್ತರ್?
ದಿನಾ ನಾಕನೂರು ಫೂಟ್ ತೆಗಿತಾನ ಅವ.'
ಬೈದದ್ದಲ್ಲ. ಲೆಕ್ಕ ಕೇಳಿದ್ದು.

ಮುಂಜಾನಿಂದ ಅವನ ಎಡಗಾಲು ಅಳದ್ವಿ, ಉಸಿರು ಅಳದ್ವಿ.
ಕೈ ಯಾರದಂತ
ಒಬ್ಬರೂ ಕೇಳಿದ್ದಿಲ್ಲ.

ಹೊಂಟಾವ ತಿರುಗಿ ನನ್ನ ನೋಡಿದ:
'ಹತ್ತನೇ ನಂಬರ್ ನನ್ನ ಅಳಿಯಗ ಹೊಲಿ. ನಲವತ್ತೆರಡು ಇಂಚು.
ನಡೀಲಿಕ್ಕೆ ಬರಲ್ಲ ನೆಟ್ಟಗ, ಆದ್ರ
ಅಕ್ಕ ಹಟ ಹಿಡದಾಳ.'
ಅವನೂ ಒಬ್ಬರ ಮಾತು ಕೇಳಾವನೇ ಅಂತ
ಅವತ್ತು ತಿಳೀತು.
ಹೂಂ ಅಂದೆ.

ಮಂದಿ ಹೋದ ಮ್ಯಾಲ ಟೇಪು ಬಿಚ್ಚಿದೆ.
ಹೋದ ಬುಧವಾರ ಶಿಫ್ಟ್ ಮುಗಿಸಿ,
ಯಾರಿಗೂ ಹೇಳಬ್ಯಾಡ್ರಿ ಅಂತ,
ಕೈ ಎರಡೂ ಎತ್ತಿ ಇಲ್ಲೇ ನಿಂತಿದ್ದ ಹುಡುಗ,
ಎದಿ ದೊಡ್ಡದು ಕಾಣ್ಲಿ ಅಂತ ಉಸಿರು ಹಿಡದು.

ಮೂವತ್ತೆರಡರ ಗೀಟಿನ ಮ್ಯಾಗ
ಬೂದಿ ಬಣ್ಣದ ಪುಡಿ ಇನ್ನಾ ಹಂಗೇ ಅದ.
ಊದಿದೆ.
ಹೋಗಲಿಲ್ಲ.